ಕಾನೂನು ಒಪ್ಪಿದರೆ ಸಾಕೇ?

ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಸಿಗುವ ಮಾದನಾಯಕನಹಳ್ಳಿಯ ಸಣ್ಣ ವರ್ಕ್‌ಶಾಪ್‌ನವನಿಗೆ ತೆರಿಗೆಯೆಂದರೆ ತಪ್ಪಿಸಿಕೊಳ್ಳಲಾಗದ ಲೆಕ್ಕ. ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಟ್ಟು ಬಿಲ್ ಬರೆದರೆ, ಹಣ ಕೈಗೆ ಬರಲಿ ಬಾರದಿರಲಿ, ಜಿಎಸ್‌ಟಿ ಕಟ್ಟಲೇಬೇಕು. ಅವನಿಗೆ ಐರ್ಲೆಂಡಿನಲ್ಲಿ ಕಂಪನಿಯಿಲ್ಲ.

ಗೂಗಲ್‌ಗೆ ಇದೆ. ಇಲ್ಲಿಯ ಜಾಹೀರಾತುದಾರರಿಂದ ಪಡೆದ ಹಣದಲ್ಲಿ ಸುಮಾರು 1,457 ಕೋಟಿ ರೂಪಾಯಿಯನ್ನು ಗೂಗಲ್ ಇಂಡಿಯಾ 2007-08ರಿಂದ 2012-13ರವರೆಗೆ ಗೂಗಲ್ ಐರ್ಲೆಂಡ್‌ಗೆ ಕಳಿಸಿತು. ಇದು ರಾಯಲ್ಟಿ, ಇಲ್ಲೇ ತೆರಿಗೆ ಮುರಿದುಕೊಳ್ಳಬೇಕಿತ್ತು ಎಂದಿತು ಆದಾಯ ತೆರಿಗೆ ಇಲಾಖೆ. ಬೆಂಗಳೂರಿನ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ಹೌದೆಂದಿತು. ಹೈಕೋರ್ಟ್ ಮರುವಿಚಾರಣೆಗೆ ಕಳಿಸಿದ ಮೇಲೆ 2022ರಲ್ಲಿ ಅದೇ ಮಂಡಳಿ ಅಲ್ಲವೆಂದಿತು. ಆ ವರ್ಷಗಳಲ್ಲಿ ಗೂಗಲ್‌ನ ವಿದೇಶಿ ಲಾಭ ಐರ್ಲೆಂಡಿನಿಂದ ನೆದರ್ಲೆಂಡ್ಸ್ ಹಾದು ಬರ್ಮುಡಾ ಸೇರುತ್ತಿತ್ತು. ಕಂಪನಿಗಳ ಆದಾಯಕ್ಕೆ ಅಲ್ಲಿ ಆಗ ತೆರಿಗೆಯೇ ಇರಲಿಲ್ಲ. ಅದೂ ಕಾನೂನುಬದ್ಧವೇ.

ಹಾಗಾದರೆ ತಕರಾರೇನು? ಶರಣ ಬಂಧುಗಳು ಆಯ್ದಕ್ಕಿ ಮಾರಯ್ಯನವರ ಪ್ರಸಂಗ ನೆನೆಯಬೇಕು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವರ ಕಾಯಕ; ಅದನ್ನು ಕಳವೆಂದವರಿಲ್ಲ. ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮನವರು ಯಾರಾದರೂ ಅಡ್ಡಿಪಡಿಸಿದರೇ ಎಂದು ವಿಚಾರಿಸಲಿಲ್ಲ. ನಮಗೆ ಬೇಕಾದದ್ದೆಷ್ಟು ಎಂಬುದಷ್ಟೇ ಅವರ ಅಳತೆ. ಮಿಕ್ಕಿದ್ದನ್ನು ಅಲ್ಲೇ ಸುರಿದು ಬರಲು ಹೇಳಿದರು.

ಷೇರುದಾರರ ಲಾಭ ಕಾಯುವುದೇ ನಮ್ಮ ಕರ್ತವ್ಯ ಎನ್ನುತ್ತಾರೆ ಕಂಪನಿಯವರು. ಆ ಲಾಭ ಹುಟ್ಟಲು ರಸ್ತೆ ಬೇಕು, ವಿದ್ಯುತ್ ಬೇಕು, ಸರಕಾರಿ ಕಾಲೇಜಿನಲ್ಲಿ ಓದಿದ ಎಂಜಿನಿಯರ್ ಬೇಕು, ಕೊನೆಗೆ ತೆರಿಗೆ ವ್ಯಾಜ್ಯ ಗೆಲ್ಲಲು ನ್ಯಾಯಾಲಯವೂ ಬೇಕು. ಇವುಗಳ ಖರ್ಚನ್ನು ಬರ್ಮುಡಾ ಕೊಡುವುದಿಲ್ಲ. ಮಾದನಾಯಕನಹಳ್ಳಿಯ ವರ್ಕ್‌ಶಾಪ್‌ನವನು ಕೊಡುತ್ತಾನೆ. ಸೋಪು ಕೊಳ್ಳುವಾಗ ಅವನಲ್ಲಿ ದುಡಿಯುವ ಕೂಲಿಯವನೂ ಕೊಡುತ್ತಾನೆ. ತೆರಿಗೆ ಉಳಿಸಿದ ಕಂಪನಿ ಶಾಲೆಗೆ ನಾಲ್ಕು ಬೆಂಚು ಕೊಟ್ಟು ಫೋಟೋ ತೆಗೆಸಿಕೊಂಡರೆ ಅದನ್ನು ನಮ್ಮ ವೇದಿಕೆಗಳಲ್ಲಿ ದಾಸೋಹವೆಂದು ಹೊಗಳುವುದನ್ನಾದರೂ ನಿಲ್ಲಿಸೋಣ.

ನಮ್ಮವರ ಮಾತೂ ಬರಲಿ. ಲಿಂಗಾಯತ ಸ್ವತಂತ್ರ ಧರ್ಮವೆಂದು ಸಮಾವೇಶದಲ್ಲಿ ಕೈ ಎತ್ತಿ, ಆಡಿಟರ್ ಮುಂದೆ ಕುಳಿತಾಗ ‘ಹಿಂದೂ ಅವಿಭಕ್ತ ಕುಟುಂಬ’ದ ಹೆಸರಿನಲ್ಲಿ ಇನ್ನೊಂದು ಪ್ಯಾನ್ ಕಾರ್ಡ್ ತೆಗೆದಿಡುವ ಉದ್ಯಮಿಗಳು ನಮ್ಮಲ್ಲಿ ಇಲ್ಲದಿಲ್ಲ. ಆದಾಯ ಎರಡು ಕಡೆ ಹಂಚಿಹೋಗುತ್ತದೆ, ತೆರಿಗೆ ಇಳಿಯುತ್ತದೆ. ಲಿಂಗಾಯತರನ್ನು ಹಿಂದೂ ವೈಯಕ್ತಿಕ ಕಾನೂನಿನೊಳಗೇ ಇಟ್ಟಿರುವುದರಿಂದ ಅದಕ್ಕೂ ಅಡ್ಡಿಯಿಲ್ಲ. ಗೂಗಲ್‌ಗೆ ಹಾಕುವ ಪ್ರಶ್ನೆಯನ್ನು ಮುಂದಿನ ಶರಣ ಸಂಗಮದಲ್ಲಿ ಮೊದಲು ಇವರಿಗೆ ಹಾಕೋಣ.