ಕಲ್ಲಿಗೆ ಕಲೆಯೇ ಉತ್ತರವಾಗಲಿ

2022ರ ಜುಲೈಯಲ್ಲಿ ಸೊರಬ ತಾಲೂಕಿನ ಆನವಟ್ಟಿಯಲ್ಲಿ ‘ಜೊತೆಗಿರುವನು ಚಂದಿರ’ ನಾಟಕವನ್ನು ಬಜರಂಗದಳದವರು ಅರ್ಧದಲ್ಲೇ ತಡೆದರು. ಮುಸ್ಲಿಂ ಕುಟುಂಬವೊಂದರ ಕಥೆ ರಂಗವೇರಿದ್ದೇ ಅವರಿಗೆ ಅಪರಾಧವಾಗಿ ಕಂಡಿತು. ಜಯಂತ ಕಾಯ್ಕಿಣಿಯವರು ರೂಪಾಂತರಿಸಿದ ಆ ಕಥೆಯ ಮೂಲ, ರಷ್ಯಾದಲ್ಲಿ ಕಿರುಕುಳಕ್ಕೊಳಗಾದ ಯಹೂದಿ ಕುಟುಂಬದ್ದು!

ಇಂತಹ ದಬ್ಬಾಳಿಕೆಗೆ ಯುವಕರು ಸಿಟ್ಟಾಗುವುದು ಸಹಜ. ಆದರೆ ಬೀದಿಯಲ್ಲಿ ಎತ್ತಿದ ಕಲ್ಲು ಎದುರಾಳಿಗೆ ನೆಪವನ್ನೂ ನಮ್ಮ ಮಕ್ಕಳಿಗೆ ಸೆರೆಮನೆಯನ್ನೂ ಕೊಡುತ್ತದೆ. 1989ರ ಜನವರಿ 1ರಂದು ಸಾಹಿಬಾಬಾದ್‌ನಲ್ಲಿ ಬೀದಿನಾಟಕದ ನಡುವೆಯೇ ಸಫ್ದರ್ ಹಾಶ್ಮಿ ಮಾರಣಾಂತಿಕ ಹಲ್ಲೆಗೊಳಗಾದರು. ಜನವರಿ 4ರಂದು ಅವರ ತಂಡ ಅಲ್ಲಿಗೇ ಮರಳಿ ಆ ನಾಟಕವನ್ನು ಪೂರ್ಣಗೊಳಿಸಿತು.

ನಿಂದನಾ ಕಾವ್ಯಕ್ಕೆ ಉತ್ತರಿಸಲೆಂದು ಪ್ರವಾದಿಯವರು(ಸ) ಕವಿ ಹಸ್ಸಾನ್ ಬಿನ್ ಸಾಬಿತ್‌ರಿಗೆ ಮಸೀದಿಯಲ್ಲೇ ಮಿಂಬರ್ ಇರಿಸಿದ್ದರು. ಶಿಕಾರಿಪುರ, ಸೊರಬಗಳ ಹೆತ್ತವರು ಮಕ್ಕಳ ಕೈಯಿಂದ ಲೇಖನಿಯನ್ನೂ ಕುಂಚವನ್ನೂ ಕಸಿಯದಿರಲಿ. ಬರಿದಾದ ಕೈಗೆ ಬೀದಿಯು ಕಲ್ಲನ್ನೇ ಕೊಡುತ್ತದೆ.