‘ಸ್ಲೀಪ್ 10’ ಹಾಕೋದು ಬಿಡೋಣ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಹೊಸಪೇಟೆಯಿಂದ ಹಂಪಿ, ಸಂಡೂರು, ಕಂಪ್ಲಿಗೆ ಹೋಗೋ ಬಸ್ಸುಗಳ ಟೈಮ್ ತೋರಿಸೋ ಸಣ್ಣ ಸೈಟ್ ಮಾಡಿದ್ವಿ. ಒಳಗೆ ಎರಡು ಪ್ರೋಗ್ರಾಂ: ಒಂದು ಬಸ್ಸಿನ ಪಟ್ಟಿ ಕೊಡುತ್ತೆ, ಇನ್ನೊಂದು ಅದನ್ನ ಪೇಜಲ್ಲಿ ತೋರಿಸುತ್ತೆ. ಡೆಮೊ ದಿನ ಕರೆಂಟ್ ಹೋಗಿ ಬಂತು. ಸರ್ವರ್ ಆನ್ ಆದಾಗ ಪೇಜಿನ ಪ್ರೋಗ್ರಾಂ ಮೊದಲು ಎದ್ದುಬಿಡ್ತು. ಪಟ್ಟಿಯ ಪ್ರೋಗ್ರಾಂ ಇನ್ನೂ ಪೋರ್ಟ್ ತೆರೆದಿರಲಿಲ್ಲ. ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ಬಂದು ಎಲ್ಲಾ ನಿಂತುಹೋಯ್ತು. ಸರ್ ಮುಂದೆ ನಮ್ಮ ಮುಖ ಚಿಕ್ಕದಾಯ್ತು.

ನಾವು ಮಾಡಿದ ರಿಪೇರಿ? ಸ್ಕ್ರಿಪ್ಟಲ್ಲಿ ‘ಸ್ಲೀಪ್ 10’ ಅಂತ ಒಂದು ಸಾಲು. ಹತ್ತು ಸೆಕೆಂಡ್ ಸಾಕು ಅಂತ ಯಾರು ಹೇಳಿದ್ರು? ಯಾರೂ ಇಲ್ಲ. ಅದು ರಿಪೇರಿ ಅಲ್ಲ, ಹರಕೆ. ಮಷಿನ್ ಸ್ವಲ್ಪ ನಿಧಾನ ಆದ ದಿನ ಮತ್ತೆ ಅದೇ ಎರರ್.

ಸರಿಯಾದ ದಾರಿ ಲಿನಕ್ಸ್‌ನಲ್ಲೇ ಇದೆ: ಸಾಕೆಟ್ ಆಕ್ಟಿವೇಶನ್. ಮಷಿನ್ ಎದ್ದಾಗ ಸರ್ವಿಸ್‌ಗಳನ್ನ ಶುರು ಮಾಡೋ ಸಿಸ್ಟಮ್‌ಡಿ, ಅವಕ್ಕಿಂತ ಮೊದಲು ತಾನೇ ಪೋರ್ಟ್ ತೆರೆದಿಡುತ್ತೆ. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲ್ ಥರ ಅಂದ್ಕೊಳ್ಳಿ. ಅಡುಗೆ ಭಟ್ಟರು ಬರೋ ಮೊದಲೇ ಯಜಮಾನರು ಶಟರ್ ಎತ್ತಿ ಟೋಕನ್ ಕೊಟ್ರೆ ಗಿರಾಕಿ ವಾಪಸ್ ಹೋಗಲ್ಲ, ಕಾಯ್ತಾನೆ. ಹಾಗೇ ಬಂದ ಕನೆಕ್ಷನ್‌ಗಳನ್ನ ಕರ್ನಲ್ ಕ್ಯೂನಲ್ಲಿ ನಿಲ್ಲಿಸುತ್ತೆ. ಸಿಸ್ಟಮ್‌ಡಿ ನಮ್ಮ ಪ್ರೋಗ್ರಾಂ ಎಬ್ಬಿಸಿ, ತೆರೆದ ಸಾಕೆಟನ್ನ ಫೈಲ್ ಡಿಸ್ಕ್ರಿಪ್ಟರ್ 3 ಆಗಿ ಅದರ ಕೈಗೆ ಕೊಡುತ್ತೆ. ನಾವು ಬೈಂಡ್, ಲಿಸನ್ ಮಾಡಬೇಕಿಲ್ಲ, ಆಕ್ಸೆಪ್ಟ್ ಮಾಡಿದ್ರೆ ಸಾಕು. ಪ್ರೋಗ್ರಾಂ ರೀಸ್ಟಾರ್ಟ್ ಆದ್ರೂ ಸಾಕೆಟ್ ಸಿಸ್ಟಮ್‌ಡಿ ಹತ್ರ ತೆರೆದೇ ಇರುತ್ತೆ. ಪೋರ್ಟ್ 80 ಬೇಕು ಅಂತ ನಮ್ಮ ಕೋಡನ್ನ ರೂಟ್ ಆಗಿ ಓಡಿಸೋ ಅಪಾಯವೂ ತಪ್ಪುತ್ತೆ.

ಇದೇನು ಹೊಸ ಫ್ಯಾಷನ್ ಅಲ್ಲ. 1980ರ ದಶಕದಲ್ಲೇ ಬಿಎಸ್‌ಡಿ ಯುನಿಕ್ಸ್‌ನ ಐನೆಟ್‌ಡಿ ಹೀಗೆ ಬಾಗಿಲು ಕಾಯ್ತಿತ್ತು. 2005ರಲ್ಲಿ ಆಪಲ್‌ನ ಲಾಂಚ್‌ಡಿ, 2010ರಲ್ಲಿ ಸಿಸ್ಟಮ್‌ಡಿ ಬಂದವು.

“ಮಿನಿ ಪ್ರಾಜೆಕ್ಟ್‌ಗೆ ಇಷ್ಟೆಲ್ಲಾ ಯಾಕ್ರೋ?” ಅಂತ ಸೀನಿಯರ್‌ಗಳು ಕೇಳ್ತಾರೆ. ಬೇಕಾಗಿದ್ದು ಒಂದು ಪುಟ್ಟ ಸಾಕೆಟ್ ಫೈಲ್, ಕೋಡಲ್ಲಿ ನಾಲ್ಕೈದು ಸಾಲು ಅಷ್ಟೇ. ಹಾಗಂತ ಇದು ಎಲ್ಲಕ್ಕೂ ಮದ್ದಲ್ಲ. ಭಟ್ಟರು ಬರಲೇ ಇಲ್ಲ ಅಂದ್ರೆ ಟೋಕನ್ ಹಿಡಿದು ಏನು ಮಾಡೋದು? ಪ್ರೋಗ್ರಾಂನಲ್ಲೇ ಬಗ್ ಇದ್ರೆ ಅದನ್ನ ನಾವೇ ಲಾಗ್ ನೋಡಿ ಹುಡುಕಬೇಕು.

ನಾವು ಹೇಳೋದು ಇಷ್ಟೇ: ಯಾವ ಪ್ರೋಗ್ರಾಂ ಯಾರಿಗಾಗಿ ಕಾಯಬೇಕು ಅಂತ ಯೋಚಿಸಲು ಸೋಮಾರಿತನ ಮಾಡಿ ನಾವು ‘ಸ್ಲೀಪ್’ ಬರೀತೀವಿ. ನಮ್ಮೂರಲ್ಲಿ ಕರೆಂಟ್ ಹೋಗ್ತದೆ, ಬರ್ತದೆ. ಮುಂದಿನ ಡೆಮೊದಲ್ಲಿ ಪ್ಲಗ್ ನಾವೇ ಕಿತ್ತು, ಮತ್ತೆ ಹಾಕಿ ತೋರಿಸೋಣ.