ಗೋಕರ್ಣದ ಬೀದಿಯನ್ನು ಸಕಲೇಶಪುರಕ್ಕೆ ತರುವ ಮುನ್ನ

"ಸಕಲೇಶಪುರವನ್ನು ಗೋಕರ್ಣದ ಹಾಗೆ ಮಾಡಬೇಕು" ಎನ್ನುವ ಮಾತು ಈಗ ಹೋಮ್‌ಸ್ಟೇ ನಡೆಸುವವರಿಂದ ಹಿಡಿದು ರೀಲ್ಸ್ ಮಾಡುವ ಹುಡುಗರ ತನಕ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಗೋಡೆ ತುಂಬ ಬಣ್ಣದ ಚಿತ್ರ, ಸಾಲು ಅಂಗಡಿ, ತೂಗುದೀಪ, ಎರಡು ಕೆಫೆ. ಬೆಂಗಳೂರಿನಿಂದ ಬಂದವರು ನಿಂತು ಫೋಟೊ ತೆಗೆಸಿಕೊಳ್ಳುವಂಥ ಒಂದು ಬೀದಿ. ಆಗಲಿ, ಬೇಡ ಅನ್ನೋರು ಯಾರು? ಆದರೆ ಆ ಬೀದಿಯಲ್ಲಿ ಏನು ಮಾರುತ್ತೀರಿ, ಯಾರು ಕೂತು ಮಾರುತ್ತಾರೆ ಅಂತ ಕೇಳಿ ನೋಡಿ. ಮಾತು ಅಲ್ಲಿಗೇ ನಿಲ್ಲುತ್ತದೆ.

ಗೋಕರ್ಣ ನಮಗೇನು ದೂರದ ಊರಲ್ಲ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಸಕಲೇಶಪುರದಲ್ಲಿ ನಿಂತು, ಸುರಂಗ ದಾಟಿ ಘಾಟಿ ಇಳಿದು, ಬೆಳಗಿನ ಹೊತ್ತಿಗೆ ನಿಮ್ಮನ್ನು ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿಸುತ್ತದೆ. ಹೋಗಿ ಬನ್ನಿ. ಮಹಾಬಲೇಶ್ವರ ದೇವಸ್ಥಾನದ ಹತ್ತಿರದ ರಥಬೀದಿಯಲ್ಲಿ, ಅಲ್ಲಿಂದ ಸಮುದ್ರಕ್ಕೆ ಹೋಗುವ ದಾರಿಯಲ್ಲಿ ಒಂದು ಗಂಟೆ ನಡೆಯಿರಿ. ಚೆಂದದ ಬೀದಿ, ಸುಳ್ಳು ಹೇಳಬಾರದು. ಹಳೇ ಹೆಂಚಿನ ಮನೆಗಳು, ದೊಡ್ಡ ಮರದ ತೇರು, ಹೂವಿನ ವಾಸನೆ, ಒಂದು ಕಡೆ ತರ್ಪಣಕ್ಕೆ ಬಂದ ಪಂಚೆಯವರು, ಇನ್ನೊಂದು ಕಡೆ ಚಡ್ಡಿ ಹಾಕಿದ ವಿದೇಶಿಯರು.

ಈಗ ಅಂಗಡಿಗಳ ಒಳಗೆ ನೋಡಿ. ರಾಜಸ್ಥಾನದ ಅಚ್ಚಿನ ಬಟ್ಟೆ, ಗುಜರಾತಿನ ಕನ್ನಡಿ ಕಸೂತಿಯ ಚೀಲ, ನೇಪಾಳದ ಕಂಚಿನ ಬಟ್ಟಲು, ಟಿಬೆಟ್ಟಿನ ಬಾವುಟ, ಎಲ್ಲಿಂದಲೋ ಬಂದ ರುದ್ರಾಕ್ಷಿ. ಇದೇ ಸರಕು ಗೋವಾದಲ್ಲೂ ಸಿಗುತ್ತದೆ, ಹಂಪಿಯಲ್ಲೂ ಸಿಗುತ್ತದೆ, ಪುದುಚೇರಿಯಲ್ಲೂ ಸಿಗುತ್ತದೆ. ಅಂಗಡಿ ಇಟ್ಟವರ ಮೇಲೆ ನನಗೆ ಕೋಪವಿಲ್ಲ. ಅವರೂ ಊರು ಬಿಟ್ಟು ಬಂದು, ಬಾಡಿಗೆ ಕಟ್ಟಿ, ಮಳೆಗಾಲದ ನಾಲ್ಕು ತಿಂಗಳು ಕೈಕಟ್ಟಿ ಕೂರುವವರು. ನನ್ನ ಪ್ರಶ್ನೆ ಬೇರೆ. ಆ ಬೀದಿಯಲ್ಲಿ ಗೋಕರ್ಣದವರು ತಾವೇ ಬೆಳೆದದ್ದನ್ನು ಮಾರುವುದು ಎಲ್ಲಿ?

ನೆಲದ ಮೇಲೆ. ಹಾಲಕ್ಕಿ ಒಕ್ಕಲಿಗ ಹೆಂಗಸರು ಕೊರಳ ತುಂಬ ಕರಿಮಣಿ ಸರ ಹಾಕಿಕೊಂಡು, ಬುಟ್ಟಿ ಮುಂದಿಟ್ಟುಕೊಂಡು, ಹೂವು, ಸೊಪ್ಪು, ತರಕಾರಿ ಮಾರುತ್ತ ಬೀದಿ ಬದಿಯಲ್ಲಿ ಕೂತಿರುತ್ತಾರೆ. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರೂ ಇದೇ ಸಮುದಾಯದವರು. ಪ್ರವಾಸಿಗಳು ಇವರ ಫೋಟೊ ತೆಗೆಯುತ್ತಾರೆ, ಎದುರಿನ ಅಂಗಡಿಯಲ್ಲಿ ಸಾವಿರ ರೂಪಾಯಿಯ ಚೀಲ ಕೊಳ್ಳುತ್ತಾರೆ. ಬೀದಿಗೆ ಗೋಕರ್ಣದ ಮುಖ ಕೊಟ್ಟವರು ಈ ಹೆಂಗಸರು. ಅವರ ಪಾಲಿಗೆ ಬರುವುದು ಒಂದು ಮೊಳ ಹೂವಿನ ದುಡ್ಡು.

ಅಲ್ಲಿ ಸಾಲಾಗಿ ತೂಗುಹಾಕಿದ್ದ ಜೋಲು ಪ್ಯಾಂಟುಗಳ ಮೇಲೆಲ್ಲ ಆನೆಯ ಚಿತ್ರ. ಕೆಂಪಾನೆ, ನೀಲಿ ಆನೆ, ಹಸಿರಾನೆ. ಆಲೂರು ಕಡೆಯವರಿಗೆ ಅದನ್ನು ನೋಡಿದರೆ ನಗು ಬರುತ್ತದೋ ಅಳು ಬರುತ್ತದೋ ಗೊತ್ತಿಲ್ಲ. ನಮ್ಮಲ್ಲಿ ಆನೆ ಅಂದರೆ ತುಳಿದ ಗದ್ದೆ, ಮುರಿದ ಬಾಳೆ, ಬೆಳಿಗ್ಗೆ ತೋಟಕ್ಕೆ ಕೆಲಸಕ್ಕೆ ಹೋದವರು ಮನೆಗೆ ಬರುವ ತನಕ ಇಲ್ಲದ ನೆಮ್ಮದಿ. 2014ರ ಸುಮಾರಿಗೆ ಆಲೂರು–ಸಕಲೇಶಪುರ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಮತ್ತೆ ಬಂದವು.

ಆನೆಯ ಮಾತು ಬಂತು ಅಂತ ಹೇಳುತ್ತೇನೆ. ನೀಲಗಿರಿಯ ಗೂಡಲೂರು ಕಡೆಯ ಆದಿವಾಸಿಗಳು ಲಂಟಾನ ಕಡ್ಡಿಯಲ್ಲಿ ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನು ಹೆಣೆದರು. 2021ರಲ್ಲಿ ಅವು ಲಂಡನ್ನಿನ ಪಾರ್ಕುಗಳಲ್ಲಿ ನಿಂತವು, 2024ರಲ್ಲಿ ಅಮೆರಿಕಕ್ಕೆ ಹೋದವು. ಲಂಟಾನ ನಮ್ಮಲ್ಲಿ ಬೇಲಿ ಬೇಲಿಗೂ ಇದೆ. ಕಡಿದು ಬೆಂಕಿ ಹಾಕುತ್ತೇವೆ. ಬುಟ್ಟಿ, ಮೊರ, ಗೊರಬು ಹೆಣೆಯುವ ಕೈಗಳು ನಮ್ಮ ಮೇದರ ಕೇರಿಗಳಲ್ಲಿ ಇನ್ನೂ ಇವೆ. ಕಾಫಿ ಕುಯ್ಯಲಿಕ್ಕೆ ಪ್ಲಾಸ್ಟಿಕ್ ಚೀಲ ಬಂದ ಮೇಲೆ ಅವರ ಬುಟ್ಟಿ ಕೇಳುವವರು ಕಡಿಮೆಯಾದರು, ಅಷ್ಟೆ. ಬಣ್ಣದ ಬೀದಿಯ ಕನಸು ಕಾಣುವವರು ಒಂದು ದಿನವಾದರೂ ಆ ಕೇರಿಗೆ ಹೋಗಿ ಮಾತಾಡಿದ್ದಾರೆಯೇ?

ಕಾಫಿಯದ್ದು ಇನ್ನೂ ಬೇಸರದ ಕತೆ. ಸಮುದ್ರ ದಂಡೆಯ ಕೆಫೆಯಲ್ಲಿ ಒಂದು ಕಪ್ಪಿಗೆ 150 ರೂಪಾಯಿ. ಕಪ್ಪಿಗೆ 15 ಗ್ರಾಂ ಪುಡಿ ಅಂತ ಧಾರಾಳವಾಗಿ ಹಿಡಿದರೂ ಒಂದು ಕೆ.ಜಿ.ಗೆ 66 ಕಪ್ಪು, ಅಂದರೆ ಒಂಬತ್ತು ಸಾವಿರದ ಒಂಬೈನೂರು ರೂಪಾಯಿ. ಹಾಲು, ಬಾಡಿಗೆ, ಸಂಬಳ ಕಳೆಯಿರಿ, ಒಪ್ಪುತ್ತೇನೆ. ಈಚಿನ ವರ್ಷಗಳಲ್ಲಿ ಧಾರಣೆ ಏರಿತು ಅಂತ ನಾವು ಸಂಭ್ರಮಪಟ್ಟಾಗಲೂ ಬೆಳೆಗಾರನಿಗೆ ಕೆ.ಜಿ.ಗೆ ಸಿಕ್ಕಿದ್ದು ಕೆಲವು ನೂರು. ತೋಟದ ಲೈನ್ ಮನೆಯಲ್ಲಿರುವವರ ಲೆಕ್ಕ ಹಾಕಲಿಕ್ಕೂ ಹೋಗಬೇಡಿ.

ಹೆಸರಾದರೂ ಬಂತೇ? 2019ರಲ್ಲಿ ದೇಶದ ಐದು ಕಾಫಿಗಳಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು: ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡು ರೊಬಸ್ಟಾ, ಅರಕು ಕಣಿವೆ ಅರೇಬಿಕಾ. ಇವುಗಳಲ್ಲಿ ಒಂದರ ಹೆಸರಲ್ಲೂ ಹಾಸನವಿಲ್ಲ, ಸಕಲೇಶಪುರವಿಲ್ಲ. ಏಲಕ್ಕಿಯಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದ್ದ ಊರು ನಮ್ಮದು. ಅದರ ಸೂಚಿಕೆಯೂ ಕೊಡಗಿನ ಹೆಸರಲ್ಲಿದೆ. ಅವರ ಹೆಸರಲ್ಲಿ ಸೂಚಿಕೆ ಬಂತು, ನಮ್ಮ ಹೆಸರಲ್ಲಿ ಬರಲಿಲ್ಲ. ಇದರಲ್ಲಿ ಪಕ್ಕದ ಜಿಲ್ಲೆಯವರನ್ನು ದೂರಿ ಏನು ಬಂತು? ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಚಾಕೊಲೇಟು, ಮಸಾಲೆ, ಜೇನು ಕೊಳ್ಳುವಾಗ ಡಬ್ಬಿ ತಿರುಗಿಸಿ ತಯಾರಾದ ಊರಿನ ಹೆಸರು ಓದಿ. ಎಷ್ಟರ ಮೇಲೆ ನಮ್ಮ ತಾಲ್ಲೂಕಿದೆ ಅಂತ ನೀವೇ ಎಣಿಸಿ.

"ಪ್ರವಾಸಿಗಳು ಬಂದರೆ ಎಲ್ಲರಿಗೂ ಕೆಲಸ ಸಿಗುತ್ತದೆ" ಅನ್ನುತ್ತಾರೆ. ಸಿಗುತ್ತದೆ. ಜೀಪು ಓಡಿಸುವ ಕೆಲಸ, ಪಾತ್ರೆ ತೊಳೆಯುವ ಕೆಲಸ, ಬೆಡ್‌ಶೀಟು ಒಗೆಯುವ ಕೆಲಸ. ಜೀಪಿನ ದುಡ್ಡಲ್ಲಿ ಮಕ್ಕಳನ್ನು ಓದಿಸಿದವರು ನಮ್ಮಲ್ಲೇ ಇದ್ದಾರೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ನಮ್ಮ ಹೆಂಗಸರು ಯಾಕೆ ಕೂರಬಾರದು?

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಬೀದಿ ವ್ಯಾಪಾರಿಗಳ ಕಾಯ್ದೆ 2014ರಿಂದಲೇ ಇದೆ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಪರ್ಸೆಂಟ್ ಜನ ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಬಣ್ಣ ಬಳಿಯುವ ದಿನ ಮೊದಲು ಎದ್ದು ಹೋಗಬೇಕಾದವರು ಬುಟ್ಟಿಯವರು, ಸೊಪ್ಪಿನವರು. ಅದಕ್ಕೇ ಇದನ್ನು ಈಗಲೇ ತಿಳಿದಿರಬೇಕು. ರೈಲ್ವೆಯ "ಒಂದು ನಿಲ್ದಾಣ ಒಂದು ಉತ್ಪನ್ನ" ಯೋಜನೆ 2022ರಿಂದ ನಡೆಯುತ್ತಿದೆ. ನಿಲ್ದಾಣದಲ್ಲಿ ಸ್ಥಳೀಯ ಸರಕಿಗೆ ಕಡಿಮೆ ಶುಲ್ಕಕ್ಕೆ ಮಳಿಗೆ ಕೊಡುತ್ತಾರೆ, ಸ್ವಸಹಾಯ ಸಂಘದವರೂ ಅರ್ಜಿ ಹಾಕಬಹುದು. ಉಪ್ಪಿನಕಾಯಿ, ಕಾಫಿಪುಡಿ ಮಾರಲು ಸಣ್ಣ ತಯಾರಕರಿಗೆ ಬೇಕಾದ ಆಹಾರ ಸುರಕ್ಷತಾ ನೋಂದಣಿಗೆ ವರ್ಷಕ್ಕೆ 100 ರೂಪಾಯಿ.

ಸಕಲೇಶಪುರ ಪುರಸಭೆಗಾಗಲಿ, ಆಲೂರು ಪಟ್ಟಣ ಪಂಚಾಯಿತಿಗಾಗಲಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು, ನೆನಪಿರಲಿ. ಇಷ್ಟು ಬರೆದರೆ ಸಾಕು: ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರ ಪಟ್ಟಿ ಕೊಡಿ, ಅವರಲ್ಲಿ ಬೀದಿ ವ್ಯಾಪಾರಿ ಹೆಂಗಸರು ಎಷ್ಟು ತಿಳಿಸಿ, ಸಮಿತಿ ಕೊನೆಯ ಸಲ ಸೇರಿದ ದಿನಾಂಕ ಮತ್ತು ನಡಾವಳಿಯ ಪ್ರತಿ ಕೊಡಿ. ಮೂವತ್ತು ದಿನದೊಳಗೆ ಉತ್ತರ ಬರಬೇಕು.